ಪಥ್ಯ ಹಿಡಿದರೆ ಹೊಟ್ಟೆ ಗುಣವಾದೀತೆ?

ಪರ: ಆರು ವಾರ ಬಿಟ್ಟೆ, ಒಂಬತ್ತು ವರ್ಷದ ನೋವು ಇಳಿಯಿತು

ಬದಿಯಡ್ಕದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಒಂಬತ್ತು ವರ್ಷ ನನಗೆ ಜೀವ ಬಾಯಿಗೆ ಬಂದಂತಾಗುತ್ತಿತ್ತು. ಹೊರಡುವ ದಿನ ಬೆಳಗ್ಗೆ ಏನೂ ತಿನ್ನುತ್ತಿರಲಿಲ್ಲ. ತಿಂದರೆ ಕುಂಬಳೆ ದಾಟುವುದರೊಳಗೆ ಹೊಟ್ಟೆ ಉಬ್ಬಿ, ಎಲ್ಲಿ ಇಳಿದರೆ ಶೌಚಾಲಯ ಸಿಕ್ಕೀತು ಎಂಬ ಲೆಕ್ಕ ಶುರುವಾಗುತ್ತಿತ್ತು. ಮದುವೆ, ಉಪನಯನ, ಕೊನೆಗೆ ಸ್ವಂತ ತಂಗಿಯ ಮನೆಯ ಗೃಹಪ್ರವೇಶಕ್ಕೂ ಏನಾದರೊಂದು ನೆವ ಹೇಳಿ ತಪ್ಪಿಸಿಕೊಂಡಿದ್ದೇನೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಕೊಲೊನೋಸ್ಕೋಪಿ ಎಲ್ಲ ಆಯಿತು. ಎಲ್ಲದರಲ್ಲೂ ‘ನಾರ್ಮಲ್’. ಕೊನೆಗೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂಬ ಹೆಸರು ಸಿಕ್ಕಿತು. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ; ಆದರೆ ಅದರ ಚಲನೆ ಹದ ತಪ್ಪಿದೆ, ಸಣ್ಣ ಉಬ್ಬರವೂ ಅದಕ್ಕೆ ನೋವಾಗಿ ಕಾಣುತ್ತದೆ. ಮಾತ್ರೆ ನುಂಗಿದಷ್ಟು ದಿನ ಸ್ವಲ್ಪ ಹಗುರ, ಬಿಟ್ಟರೆ ಮತ್ತೆ ಅದೇ ಪಾಡು.

ಮಂಗಳೂರಿನ ಒಬ್ಬ ಡಯಟೀಷಿಯನ್ ನನ್ನನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತು ನನ್ನ ಹೊಟ್ಟೆಯ ಕತೆ ಕೇಳಿದವರು ಅವರೇ ಮೊದಲು. ಫಾಡ್‌ಮ್ಯಾಪ್ ಪಥ್ಯದ ವಿಷಯ ಹೇಳಿದರು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2005ರ ಸುಮಾರಿಗೆ ರೂಪಿಸಿದ್ದು ಅದು. ಕೆಲವು ಬಗೆಯ ಶರ್ಕರಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ ಮುಂದೆ ಇಳಿಯುತ್ತವೆ, ತಮ್ಮೊಂದಿಗೆ ನೀರನ್ನು ಎಳೆದುಕೊಳ್ಳುತ್ತವೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಅವನ್ನು ಹುಳಿಯಿಸಿ ಗಾಳಿ ತುಂಬಿಸುತ್ತವೆ. ಎಲ್ಲರ ಹೊಟ್ಟೆಯಲ್ಲೂ ನಡೆಯುವುದು ಇದೇ. ಸೂಕ್ಷ್ಮವಾದ ಕರುಳಿಗೆ ಮಾತ್ರ ಅದು ತಾಳದು. ನೀರುಳ್ಳಿ, ಬೆಳ್ಳುಳ್ಳಿ, ಗೋಧಿ, ಅಲಸಂಡೆ ಕಾಳು, ಕಡಲೆ, ಹಾಲು, ಮಾವಿನಹಣ್ಣು ಇವೆಲ್ಲ ಆರು ವಾರ ಬೇಡ ಎಂದರು. ನಮ್ಮ ಪುಣ್ಯಕ್ಕೆ ಅಕ್ಕಿ ಆ ಪಟ್ಟಿಯಲ್ಲಿರಲಿಲ್ಲ. ಕುಚ್ಚಿಲಕ್ಕಿ ಗಂಜಿ, ನೀರುದೋಸೆ, ಬದನೆಯ ಪಲ್ಯ, ಮುಳ್ಳುಸೌತೆ ಇದ್ದರೆ ನಮಗೆ ಹಸಿವಿನ ಭಯವೆಲ್ಲಿಯದು?

ನನಗೆ ಕಷ್ಟವಾದದ್ದು ಬೆಳ್ಳುಳ್ಳಿ ಒಗ್ಗರಣೆ. ಅದಿಲ್ಲದೆ ಬಸಳೆ ಕೊದಿಲು ಇಳಿಸುವುದು ಹೇಗೆ? ಅದಕ್ಕೂ ಅವರ ಹತ್ತಿರ ಉಪಾಯವಿತ್ತು. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಶರ್ಕರ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ತೆಂಗಿನೆಣ್ಣೆ ಕಾಯಿಸಿ, ಜಜ್ಜಿದ ನಾಲ್ಕು ಎಸಳು ಹಾಕಿ, ಕೆಂಪಾಗುತ್ತಲೇ ಜಾಲರಿ ಸೌಟಿನಲ್ಲಿ ಎತ್ತಿ ಬದಿಗಿಟ್ಟು, ಬರೀ ಎಣ್ಣೆಯನ್ನು ಪಾತ್ರೆಗೆ ಸುರಿದೆ. ಚುಂಯ್ ಎಂದಿತು, ಪರಿಮಳ ಪಡಸಾಲೆಯವರೆಗೆ ಹೋಯಿತು. ಎತ್ತಿಟ್ಟ ಎಸಳುಗಳನ್ನು ಇವರು ಗಂಜಿಗೆ ನಂಜಿಕೊಂಡರು. ಆ ರಾತ್ರಿ ಹೊಟ್ಟೆ ತೆಪ್ಪಗಿತ್ತು.

ನಾಲ್ಕನೆಯ ವಾರಕ್ಕೆ ಉಬ್ಬರ ಇಳಿಯಿತು. ಆರು ವಾರ ತುಂಬಿದ ಮೇಲೆ ಒಂದೊಂದನ್ನೇ ವಾಪಸ್ ತರುವ ಕೆಲಸ. ಅದು ಬಿಡುವುದಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ. ಒಂದು ವಸ್ತು ಮೂರು ದಿನ, ಪ್ರತಿದಿನ ಸ್ವಲ್ಪ ಹೆಚ್ಚಿಸಿ ತಿನ್ನುವುದು. ಮತ್ತೆ ಮೂರು ದಿನ ಬಿಡುವು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಒಂದು ಲೋಟ ಹಾಲು ಏನೂ ಮಾಡಲಿಲ್ಲ. ಮಾವಿನಹಣ್ಣೂ ಪರವಾಗಿಲ್ಲ. ಅಲಸಂಡೆ ಕಾಳು ಎರಡನೆಯ ದಿನ ಸಂಜೆಗೇ ಹಳೆಯ ಬಸ್ಸನ್ನು ನೆನಪಿಸಿತು. ಚಪಾತಿ ಒಂದಾದರೆ ಸರಿ, ಮೂರಾದರೆ ಕೇಳುವುದೇ ಬೇಡ. ರಾತ್ರಿ ಗಂಜಿ ಬಿಟ್ಟು ಚಪಾತಿಗೆ ಹೊರಳಿದ ಮನೆಗಳು ನಮ್ಮಲ್ಲಿ ಈಗ ಎಷ್ಟಿಲ್ಲ! ಶುಗರಿಗೆ ಒಳ್ಳೆಯದೆಂದು ನಾನೂ ಒಂಬತ್ತು ವರ್ಷ ಅದನ್ನೇ ತಿಂದು ಮಲಗಿದ್ದೆ. ಈಗ ನಾನು ಬಿಟ್ಟದ್ದು ಬೆಳ್ಳುಳ್ಳಿ ಮತ್ತು ಅಲಸಂಡೆ ಕಾಳು, ಅಷ್ಟೇ. ನೀರುಳ್ಳಿ ಮಿತಿಯಲ್ಲಿ. ಕಳೆದ ತಿಂಗಳು ಬೆಳಗ್ಗೆ ದೋಸೆ ತಿಂದೇ ಮಂಗಳೂರಿನ ಬಸ್ಸು ಹತ್ತಿದೆ.

ಊಟ ಬದಲಿಸಿ ರೋಗ ವಾಸಿಯಾಗುವುದೆಂದರೆ ಮೂಗು ಮುರಿಯುವವರಿಗೆ ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆಯ ಸಂಗತಿ ಹೇಳಬೇಕು. ಸೀಲಿಯಾಕ್ ರೋಗದಿಂದ ಸೊರಗಿದ ಮಕ್ಕಳಿಗೆ ಗೋಧಿಯೇ ಆಗುವುದಿಲ್ಲವೆಂಬ ಗುಮಾನಿ ಅವರಿಗೆ ಮೊದಲೇ ಇತ್ತು. 1944-45ರ ಚಳಿಗಾಲದ ಬರದಲ್ಲಿ ದೇಶದ ಪಶ್ಚಿಮ ಭಾಗ ಬ್ರೆಡ್ಡಿಲ್ಲದೆ ಹಸಿದಾಗ ಆ ಮಕ್ಕಳು ಕಳೆಕಳೆಯಾದರು. ಬ್ರೆಡ್ಡು ಮರಳಿದಾಗ ಮತ್ತೆ ಮಲಗಿದರು. ಇಂದಿಗೂ ಆ ರೋಗಕ್ಕೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಬಿಡುವುದೇ ಚಿಕಿತ್ಸೆ. ಕ್ರೋನ್ಸ್ ಕಾಯಿಲೆಯ ಮಕ್ಕಳಿಗೆ ಆರರಿಂದ ಎಂಟು ವಾರ ಬರೀ ದ್ರವ ಆಹಾರ ಕೊಟ್ಟು ಕರುಳಿನ ಉರಿಯೂತ ಇಳಿಸುವುದು ಆಸ್ಪತ್ರೆಗಳಲ್ಲೇ ಒಪ್ಪಿಕೊಂಡ ಮೊದಲ ಸಾಲಿನ ಚಿಕಿತ್ಸೆ. 2017ರಲ್ಲಿ ಬ್ರಿಟನ್ನಿನಿಂದ ಬಂದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ ದಿನಕ್ಕೆ ಸುಮಾರು 850 ಕ್ಯಾಲರಿಯ ಆಹಾರ ಕೆಲವು ತಿಂಗಳು ತೆಗೆದುಕೊಂಡು, ಮತ್ತೆ ಮೆಲ್ಲಗೆ ಊಟಕ್ಕೆ ಮರಳಿದ ಟೈಪ್ 2 ಮಧುಮೇಹಿಗಳಲ್ಲಿ 46 ಶೇಕಡಾ ಜನ ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಮಧುಮೇಹದ ಮಿತಿಯಿಂದ ಹೊರಗಿದ್ದರು. ಇದು ಮಾತ್ರೆಯಂಗಡಿ ಇಟ್ಟ ನನ್ನ ತಮ್ಮನಿಗೂ ಗೊತ್ತು.

ನಮಗಂತೂ ಇದು ಹೊಸದಲ್ಲ. ಹೊಟ್ಟೆ ಕೆಟ್ಟರೆ ಅಜ್ಜಿ ಎರಡು ಹೊತ್ತು ಗಂಜಿ ತಿಳಿ ಕೊಡುತ್ತಿದ್ದರು, ಮೂರನೆಯ ಹೊತ್ತಿಗೆ ಕೊಡಗಸನ ಹೂವಿನ ತಂಬುಳಿ, ನಾಳೆಗೆ ಮೆತ್ತಗಿನ ಅನ್ನ. ಪಂಚಕರ್ಮದ ನಂತರ ತೆಳು ಗಂಜಿಯಿಂದ ದಪ್ಪ ಗಂಜಿಗೆ, ಅಲ್ಲಿಂದ ಹೆಸರಿನ ಕಟ್ಟಿಗೆ ಏರುವ ಕ್ರಮ ಚರಕ ಸಂಹಿತೆಯಲ್ಲೇ ಇದೆ. ಬಿಡುವುದರ ಜೊತೆಗೆ ತಿರುಗಿ ತಿನ್ನುವ ದಾರಿಯನ್ನೂ ಅವರು ಹೇಳಿದ್ದರು. ವರದಿಗಳೆಲ್ಲ ನಾರ್ಮಲ್ ಬಂದು, ಡಾಕ್ಟರು ಕೈಚೆಲ್ಲಿ, ಮನೆಯವರು ‘ನಿನಗೆ ಮನಸ್ಸಿನದು’ ಎಂದಮೇಲೆ ನಮ್ಮಂಥವರ ಕೈಯಲ್ಲಿ ಉಳಿಯುವುದು ನಮ್ಮ ಬಟ್ಟಲು ಮಾತ್ರ. ಅದನ್ನೂ ಮುಟ್ಟಬೇಡ ಎಂದರೆ ನಾನು ಒಪ್ಪುವುದಿಲ್ಲ.

ವಿರೋಧ: ಚಿಕ್ಕಮ್ಮ ಬಿಟ್ಟದ್ದು ತಿರುಗಿ ಬರಲಿಲ್ಲ

ಅಕ್ಕ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಕ್ಯಾಲೆಂಡರನ್ನು ನಾನೂ ನೋಡಿದ್ದೇನೆ. ಆದರೆ ಅಕ್ಕನಿಗೆ ಮೊದಲು ಕೊಲೊನೋಸ್ಕೋಪಿ ಆಗಿತ್ತು, ಕೂರಿಸಿ ಮಾತಾಡಿಸುವವರು ಸಿಕ್ಕಿದರು, ಆರು ವಾರಕ್ಕೆ ಮುಗಿಸು ಎಂದು ಹೇಳುವವರಿದ್ದರು. ಪೆರ್ಲದ ನನ್ನ ಮೆಡಿಕಲಿನ ಕೌಂಟರಿಗೆ ಬರುವವರಿಗೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಅವರ ಹತ್ತಿರ ಇರುವುದು ಫೋನಿನಲ್ಲಿ ಬಂದ ಒಂದು ಪಟ್ಟಿ.

ನಮ್ಮ ಚಿಕ್ಕಮ್ಮನ ವಿಷಯ ಅಕ್ಕ ಬರೆಯಲಿಲ್ಲ. ಬರೆಯಲು ಅವಳಿಗೆ ಮನಸ್ಸು ಬಂದಿರಲಿಕ್ಕಿಲ್ಲ. ನಾನು ಬರೆಯುತ್ತೇನೆ, ಚಿಕ್ಕಮ್ಮನನ್ನು ಕೇಳಿಯೇ ಬರೆಯುತ್ತೇನೆ.

ಅವರಿಗೆ ಸಂಧಿವಾತ, ರುಮಟಾಯ್ಡ್ ಆರ್ಥ್ರೈಟಿಸ್. ಬೆಳಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚಲು ಬರುತ್ತಿರಲಿಲ್ಲ. ಕಾಯಿಲೆಯನ್ನು ಹಿಡಿತದಲ್ಲಿಡಲು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ, ಬೇರೆ ದಿನ ಫೋಲಿಕ್ ಆಸಿಡ್, ಆಗಾಗ ರಕ್ತ ಪರೀಕ್ಷೆ. ಮಾತ್ರೆಯ ದಿನ ವಾಕರಿಕೆ ಬರುತ್ತಿತ್ತು, ಅದು ನಿಜ. ಹಾಗಿರುವಾಗ ಯಾರೋ ಒಂದು ವೀಡಿಯೊ ಕಳಿಸಿದರು: ಎಲ್ಲ ರೋಗದ ಬೇರು ಕರುಳಿನ ತೂತು, ತೂತು ಮುಚ್ಚಿದರೆ ಮಾತ್ರೆ ಬೇಡ. ಚಿಕ್ಕಮ್ಮ ಮೊದಲು ಗೋಧಿ ಬಿಟ್ಟರು. ಸ್ವಲ್ಪ ಹಗುರವೆನಿಸಿತು. ಮಾತ್ರೆಯನ್ನೂ ಬಿಟ್ಟರು, ನಮಗೆ ಹೇಳಲಿಲ್ಲ. ಗಂಟುನೋವು ಮರಳಿದಾಗ ಹಾಲು, ಮೊಸರು ಹೋಯಿತು. ಮತ್ತೆ ಬಂದಾಗ ಬದನೆ, ಟೊಮೆಟೊ, ಬಟಾಟೆ, ಮೆಣಸು. ಆಮೇಲೆ ಬೇಳೆಕಾಳು. ಕೊನೆಗೆ ಅಕ್ಕಿ. ಪ್ರತಿ ಸಲ ನೋವು ಬಂದಾಗಲೂ ಆ ವೀಡಿಯೊದವರ ಉತ್ತರ ಒಂದೇ: ನೀವು ಬಿಟ್ಟದ್ದು ಸಾಲದು.

ಮನೆಯಲ್ಲಿ ಅಜ್ಜನ ತಿಥಿಯ ದಿನ. ಪಂಕ್ತಿಯಲ್ಲಿ ಎಲ್ಲರ ಎಲೆ ತುಂಬುತ್ತಾ ಹೋಯಿತು: ಸಾಸಮೆ, ಮೇಲಾರ, ಕೊದಿಲು, ಪಾಯಸ. ಚಿಕ್ಕಮ್ಮನ ಎಲೆಯಲ್ಲಿ ಬೇಯಿಸಿದ ಸೋರೆಕಾಯಿಯ ಆರು ಹೋಳು, ಒಂದು ಚಮಚ ತೆಂಗಿನೆಣ್ಣೆ. ಬಡಿಸುವವನು ಅನ್ನದ ಪಾತ್ರೆ ಹಿಡಿದು ಬಂದಾಗ ಅವರು ಎರಡೂ ಕೈ ಎಲೆಯ ಮೇಲೆ ಅಡ್ಡ ಇಟ್ಟರು. ಆ ಕೈ ನೋಡಿಯೇ ನನಗೆ ಎದೆ ಧಸಕ್ಕೆಂದದ್ದು. ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಮರುದಿನ ತೂಕ ನೋಡಿದೆವು. ಹದಿನಾಲ್ಕು ತಿಂಗಳ ಹಿಂದೆ 56 ಕಿಲೊ ಇದ್ದವರು 41 ಆಗಿದ್ದರು.

ಗಂಟಿನ ಉರಿಯೂತವನ್ನು ಹೊತ್ತಿಗೆ ಸರಿಯಾಗಿ ತಡೆಯದಿದ್ದರೆ ಎಲುಬು ಸವೆಯುತ್ತದೆ. ಸವೆದದ್ದನ್ನು ಯಾವ ಪಥ್ಯವೂ ಯಾವ ಮಾತ್ರೆಯೂ ಮರಳಿ ಕೊಡಲಾರದು. ಈ ಕಾಯಿಲೆ ತನ್ನಷ್ಟಕ್ಕೇ ಏರುತ್ತದೆ, ಇಳಿಯುತ್ತದೆ. ಇಳಿದ ವಾರ ಗೋಧಿ ಬಿಟ್ಟಿದ್ದರೆ ಗೋಧಿ ಬಿಟ್ಟದ್ದರಿಂದಲೇ ಇಳಿಯಿತು ಎಂದು ಯಾರಿಗಾದರೂ ಅನಿಸೀತು. ಸೀಲಿಯಾಕ್‌ನಲ್ಲಿ, ಕ್ರೋನ್ಸ್‌ನಲ್ಲಿ ಕರುಳಿನ ಗೋಡೆಯ ಬಿಗಿ ಸಡಿಲುವುದು ಹೌದು. ಅದೇ ಎಲ್ಲ ರೋಗಗಳ ಬೇರು ಎಂಬುದಕ್ಕೆ ಪುರಾವೆ ಇಲ್ಲ.

ಗುಣ ಕಂಡಿತೆಂದು ಕಾರಣವೂ ಸರಿ ಎನ್ನಲಾಗದು. ಅಕ್ಕ ಡಿಕ್ಕೆಯ ಹೆಸರೆತ್ತಿದಳು. ಅವರಿಗಿಂತ ಮೊದಲೇ, 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯರು ಸೀಲಿಯಾಕ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರು. ಅಕ್ಕಿ, ಬಟಾಟೆ, ಬ್ರೆಡ್ಡು ಎಲ್ಲ ಬಿಡಿಸಿದರು. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣೇ ವಾಸಿ ಮಾಡಿತೆಂದು ಲೋಕ ನಂಬಿತು. ನಿಜವಾಗಿ ಕೆಲಸ ಮಾಡಿದ್ದು ಆ ಪಟ್ಟಿಯೊಳಗೆ ಅಡಗಿದ್ದ ಗೋಧಿಯ ನಿಷೇಧ. ರೋಗ ಪೂರ್ತಿ ಗುಣವಾಯಿತೆಂದು ಆಮೇಲೆ ಗೋಧಿಗೆ ಮರಳಿದವರಿಗೆ ರೋಗ ಒಳಗೊಳಗೇ ಮರಳಿತು. ಪಾಪದ ಅಕ್ಕಿಯನ್ನೂ ಬಟಾಟೆಯನ್ನೂ ಮಕ್ಕಳು ಸುಮ್ಮನೆ ಕಳೆದುಕೊಂಡಿದ್ದರು. ಹಾಸ್ ಅವರ ಆ ದಾರಿಯಿಂದಲೇ ಬೆಳೆದ ಒಂದು ಕಟ್ಟುನಿಟ್ಟಿನ ಪಥ್ಯವನ್ನು ಕ್ರೋನ್ಸ್ ರೋಗಿಗಳು ಇಂದಿಗೂ ಹಿಡಿಯುತ್ತಾರೆ. ಅಮೆರಿಕದಲ್ಲಿ ಅದನ್ನು ತರಕಾರಿ, ಕಾಳು, ಆಲಿವ್ ಎಣ್ಣೆ ಹೆಚ್ಚಿರುವ ಸಾಧಾರಣ ಮೆಡಿಟರೇನಿಯನ್ ಊಟದ ಜೊತೆ ಹೋಲಿಸಿ ನೋಡಿದರು; 2021ರಲ್ಲಿ ಫಲಿತಾಂಶ ಬಂತು. ಆರು ವಾರದ ನಂತರ ಎರಡೂ ಗುಂಪಿನ ಗುಣ ಹೆಚ್ಚುಕಡಿಮೆ ಒಂದೇ. ಸುಲಭವಾದದ್ದು ಸಾಕಾಗುವಲ್ಲಿ ಜನರನ್ನು ಯಾಕೆ ಹಿಂಡಬೇಕು?

ಅಕ್ಕನಿಗೆ ಒಗ್ಗಿದ ಫಾಡ್‌ಮ್ಯಾಪ್ ಪಥ್ಯವೂ ಹಾಗೆಯೇ. ಬಿಡುವ ಘಟ್ಟ ಎರಡರಿಂದ ಆರು ವಾರಕ್ಕೆಂದೇ ಅದನ್ನು ರೂಪಿಸಿದವರು ಹೇಳಿದ್ದಾರೆ. ಅಲಸಂಡೆ, ನೀರುಳ್ಳಿಗಳಲ್ಲಿರುವ ಅದೇ ಶರ್ಕರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳ ಆಹಾರ. ಪಥ್ಯದಲ್ಲಿರುವಾಗ ಬೈಫಿಡೊ ಬ್ಯಾಕ್ಟೀರಿಯ ಕಡಿಮೆಯಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ವರ್ಷಗಟ್ಟಲೆ ಬಿಟ್ಟವರು ಹೊಟ್ಟೆ ಸರಿಮಾಡಲು ಹೊರಟು ಹೊಟ್ಟೆಯನ್ನೇ ಉಪವಾಸ ಕೆಡವಿದಂತಾಗುತ್ತದೆ. ನನ್ನ ಅಂಗಡಿಗೆ ಬರುವ ಸಸ್ಯಾಹಾರಿಗಳಲ್ಲಿ ಹಾಲು, ಮೊಸರು ಬಿಟ್ಟವರಿಗೆ ಬಿ12 ಎಲ್ಲಿಂದ ಬರಬೇಕು? ಕಾಲು ಜುಮುಗುಟ್ಟುತ್ತದೆ ಎಂದು ಬರುತ್ತಾರೆ. ಅದಕ್ಕೂ ಇನ್ನೇನನ್ನು ಬಿಡಬೇಕೆಂದು ಕೇಳುತ್ತಾರೆ.

ಇನ್ನೊಂದು ಮಾತು ಎಲ್ಲರೂ ತಿಳಿದಿರಬೇಕು. ಸೀಲಿಯಾಕ್ ಇದೆಯೇ ಎಂದು ರಕ್ತದಲ್ಲಿ ನೋಡುವಾಗ ಗೋಧಿ ತಿನ್ನುತ್ತಿರಬೇಕು. ಮೊದಲೇ ಬಿಟ್ಟು ಕೂತರೆ ರೋಗವಿದ್ದರೂ ವರದಿ ಚೊಕ್ಕವಾಗಿ ಬರಬಹುದು. ಆಮೇಲೆ ಅದು ನಿಜವಾದ ರೋಗವೋ ಬರೀ ಅನುಮಾನವೋ ತಿಳಿಯದೆ ಜೀವಮಾನ ಕಳೆಯಬೇಕು. ನಿಜವಾಗಿ ಸೀಲಿಯಾಕ್ ಇರುವವರು ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಬೇಕು. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆಸಿರುವುದುಂಟು. ಚಪಾತಿ ಬಿಟ್ಟೆನೆಂದು ಹೇಳುವ ಎಷ್ಟು ಮಂದಿಗೆ ಇದು ಗೊತ್ತು?

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಬೇರೊಂದು ಕಾರಣಕ್ಕೆ. ನಾನಿರುವುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ. ಇಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದನ್ನು ಸುಪ್ರೀಂ ಕೋರ್ಟ್ ದೇಶದಲ್ಲೇ ತಡೆಹಿಡಿದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರಲ್ಲಿ. ಅಂಥ ಮನೆಯೊಂದರ ತಾಯಿ ಒಂದು ದಿನ ಫೋನು ತೋರಿಸಿ, ಮಗನಿಗೆ ಹಾಲು, ಅನ್ನ ನಿಲ್ಲಿಸಿದರೆ ಕೈಕಾಲು ಬಂದೀತೆ ಎಂದು ಕೇಳಿದರು. ಇಪ್ಪತ್ತು ವರ್ಷದ ಹುಡುಗ, ಅವನಿಗೆ ಇಷ್ಟವಾಗಿ ನುಂಗುವುದು ಮೊಸರನ್ನವೊಂದೇ. ‘ಇಷ್ಟು ವರ್ಷ ನಾನೇ ತಪ್ಪು ಬಡಿಸಿದೆನೋ ಏನೋ’ ಎಂದರು ಆ ತಾಯಿ. ಆಕಾಶದಿಂದ ಬಿದ್ದದ್ದಕ್ಕೆ, ಮಣ್ಣಿಗೆ ನೀರಿಗೆ ಸೇರಿದ್ದಕ್ಕೆ ಅಡುಗೆಮನೆಯ ಹೆಂಗಸು ತನ್ನನ್ನೇ ದೂರಿಕೊಳ್ಳುವಂತೆ ಮಾಡುವ ಈ ಪಟ್ಟಿಗಳನ್ನು ನಾನು ಕ್ಷಮಿಸಲಾರೆ. ‘ಇಲ್ಲ ಅಮ್ಮ, ನೀವು ಬಡಿಸಿದ್ದು ಸರಿಯೇ ಇದೆ. ಮೊಸರನ್ನ ಕೊಡಿ’ ಎಂದು ಎರಡು ಸಲ ಹೇಳಿ ಕಳಿಸಿದೆ.

ಚಿಕ್ಕಮ್ಮ ಕಳೆದ ಆಟಿ ತಿಂಗಳಿಂದ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಂಗಳೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ವಾಕರಿಕೆಗೆ ಡಾಕ್ಟರು ಬೇರೆ ದಾರಿ ಮಾಡಿಕೊಟ್ಟರು. ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದರು. ತೂಕ 47ಕ್ಕೆ ಬಂದಿದೆ. ಅನ್ನ ತಿನ್ನಿಸಲು ನಾವು ತಿಂಗಳುಗಟ್ಟಲೆ ಗೋಗರೆಯಬೇಕಾಯಿತು. ತುತ್ತು ಬಾಯಿಗೆ ಹೋಗುವ ಮೊದಲು ಅವರ ಕಣ್ಣಲ್ಲಿ ಭಯ ಕಾಣುತ್ತಿತ್ತು. ಮೊನ್ನೆ ಅಕ್ಕ ಬಂದಿದ್ದಾಗ ತಾನೇ ಅಡುಗೆಗೆ ನಿಂತು, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು, ಎಸಳುಗಳನ್ನು ಎತ್ತಿ ಚಿಕ್ಕಮ್ಮನ ಬಟ್ಟಲಿಗೆ ಹಾಕಿದಳು. ಅವರು ಒಂದನ್ನೂ ಬಿಡದೆ ತಿಂದರು, ಚಮಚದಲ್ಲಿ. ಅನ್ನ ಕಲಸಲು ಬಲಗೈಯ ಬೆರಳುಗಳು ಈಗ ಮಡಚುವುದಿಲ್ಲ.