ಸೈಕಲ್ ಕಟ್ಟಿಕೊಂಡು ಮಲೆನಾಡಿಗೆ ಹೊರಟವರಿಗೆ

ಹೋದ ವಾರ ನಮ್ಮ ಆಫೀಸಿನ ಇಬ್ಬರು ಹುಡುಗರು ಮೊಬೈಲಿನಲ್ಲಿ ಮ್ಯಾಪ್ ತೋರಿಸಿದರು. ನಾಲ್ಕು ದಿನದ ರಜೆ. ಬೆಂಗಳೂರು, ಸಕಲೇಶಪುರ, ಚಿಕ್ಕಮಗಳೂರು, ಕುದುರೆಮುಖ, ಆಗುಂಬೆ, ಜೋಗ, ವಾಪಸ್ ಬೆಂಗಳೂರು. ಕಾರಿನ ಹಿಂದೆ ಎರಡು ಮೌಂಟೇನ್ ಬೈಕ್. "ಮಧ್ಯೆ ಮಧ್ಯೆ ನಿಲ್ಲಿಸಿ ಸೈಕಲ್ ಹೊಡೀತೀವಿ ಅಣ್ಣಾ" ಅಂದರು. "ಯಾವಾಗ ಹೊಡೀತೀರೋ?" ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಮೊದಲು ಸೈಕಲ್ ತುಳಿಯುವ ಜಾಗ ಗೊತ್ತು ಮಾಡಿಕೊಳ್ಳಿ. ಕಾರಿನ ದಾರಿ ಆಮೇಲೆ. ನಾಲ್ಕೈದು ದಿನಕ್ಕೆ ಎರಡೇ ಜಾಗ ಸಾಕು. ಒಂದೊಂದು ಕಡೆ ಎರಡು ರಾತ್ರಿ ಇರಿ.

ಘಾಟಿ ರಸ್ತೆಯಲ್ಲಿ 100 ಕಿಲೋಮೀಟರ್ ಅಂದರೆ ಮೂರು ಗಂಟೆಗೆ ಕಮ್ಮಿ ಇಲ್ಲ. ಇಳಿದ ಮೇಲೆ ಸೈಕಲ್ ಬಿಚ್ಚಬೇಕು, ಗಾಳಿ ನೋಡಬೇಕು, ಬ್ರೇಕ್ ನೋಡಬೇಕು. ಅಷ್ಟು ಹೊತ್ತಿಗೆ ಬಿಸಿಲು ಏರಿರುತ್ತದೆ, ಇಲ್ಲವೇ ಕತ್ತಲಾಗುತ್ತಿರುತ್ತದೆ. ಮಲೆನಾಡಿನಲ್ಲಿ ಸೈಕಲ್ಲಿಗೆ ಬೆಳಗಿನ ಹೊತ್ತೇ ಚೆನ್ನ. ಮಂಜು ಇನ್ನೂ ಮರದ ತುದಿಯಲ್ಲಿರುವಾಗ ಹೊರಟರೆ ಹತ್ತು ಗಂಟೆಗೆ ಬಂದು ಬಿಸಿ ಅಕ್ಕಿರೊಟ್ಟಿ ತಿನ್ನಬಹುದು. ಆ ಬೆಳಗು ಬೇಕಾದರೆ ಹಿಂದಿನ ರಾತ್ರಿ ಅಲ್ಲೇ ಮಲಗಿರಬೇಕು, ಅಲ್ವಾ?

ನಾನೂ ನನ್ನ ತಮ್ಮನೂ ಹೋಗುವ ದಾರಿ ಹೀಗಿದೆ. ಮೊದಲ ದಿನ ಹಾಸನ, ಬೇಲೂರು ಮೇಲೆ ಚಿಕ್ಕಮಗಳೂರು. ಸುಮಾರು 245 ಕಿಲೋಮೀಟರ್. ಊರಾಚೆ ತೋಟದೊಳಗಿನ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ. ಎರಡನೇ ದಿನ ಬೆಳಿಗ್ಗೆ ಸೈಕಲ್, ಮೂರನೇ ದಿನ ಬೆಳಿಗ್ಗೆ ಇನ್ನೊಂದು ಸಣ್ಣ ಸುತ್ತು. ಆಮೇಲೆ ಆಲ್ದೂರು, ಬಾಳೆಹೊನ್ನೂರು ಹಾದು ಕಳಸ. ಆ ರಸ್ತೆಗೆ ಅರ್ಧ ದಿನ ಕೊಡಿ. ಕಾಫಿ ತೋಟ, ಗದ್ದೆ, ಭದ್ರಾ ನದಿ ಒಂದಾದ ಮೇಲೊಂದು ಬರುತ್ತವೆ, ಓಡಿಸಿಕೊಂಡು ಹೋದರೆ ಏನೂ ಕಾಣುವುದಿಲ್ಲ. ಕಳಸದಲ್ಲಿ ಎರಡು ರಾತ್ರಿ. ಐದನೇ ದಿನ ಕೊಟ್ಟಿಗೆಹಾರ, ಮೂಡಿಗೆರೆ ಮೇಲೆ ಮನೆ. ಆಗುಂಬೆಯೂ ಜೋಗವೂ ಇದರಲ್ಲಿಲ್ಲ. ಅವಕ್ಕೆ ಬೇರೆ ರಜೆ ಹಾಕೋಣ.

ಮುಳ್ಳಯ್ಯನಗಿರಿ ಯಾಕಿಲ್ಲ ಅಂತ ಕೇಳುತ್ತೀರಿ. 1,930 ಮೀಟರ್, ರಾಜ್ಯದ ಅತಿ ಎತ್ತರದ ಬೆಟ್ಟ, ನನಗೂ ಇಷ್ಟ. ಆದರೆ ಶನಿವಾರ, ಭಾನುವಾರ ಆ ಕಿರಿದಾದ ರಸ್ತೆಯಲ್ಲಿ ಕಾರುಗಳ ಸಾಲು ನಿಂತಿರುತ್ತದೆ. ಸೈಕಲ್ಲಿನವನಿಗೆ ಹೊಗೆ ಕುಡಿಯುವುದೇ ಕೆಲಸ. ವಾರದ ಮಧ್ಯೆ, ಬೆಳಗ್ಗೆ ಬೇಗ ಆದರೆ ಮಾತ್ರ ಹೋಗಿ.

ಸೈಕಲ್ಲಿಗೆ ನಿಜವಾದ ಸುಖ ಇರುವುದು ತೋಟದ ಜೀಪ್ ದಾರಿಗಳಲ್ಲಿ. ಕೆಂಪು ಮಣ್ಣು, ಎರಡು ಗಾಲಿಯ ಗುರುತು, ನಡುವೆ ಹುಲ್ಲು, ಮೇಲೆ ಸಿಲ್ವರ್ ಓಕ್ ನೆರಳು. ಆದರೆ ಆ ದಾರಿ ಇನ್ನೊಬ್ಬರ ಮನೆ ಅಂಗಳ ಇದ್ದ ಹಾಗೆ. ಗೇಟು ತೆರೆದಿದೆ ಅಂತ ಸುಮ್ನೆ ನುಗ್ಗಬೇಡಿ. ನಾವು ಹೋಂಸ್ಟೇಯವರ ಕೈಲಿ ಪಕ್ಕದ ತೋಟಕ್ಕೆ ಫೋನ್ ಮಾಡಿಸಿದೆವು. ಸಂಜೆ ನಾವೇ ಹೋಗಿ ಆ ತೋಟದ ರೈಟರನ್ನು, ಅಂದರೆ ಕೆಲಸದ ಲೆಕ್ಕ, ಉಸ್ತುವಾರಿ ನೋಡಿಕೊಳ್ಳುವವರನ್ನು, ಕಂಡೆವು. ಒಂದು ಕೋಲು ತಗೊಂಡು ಕಾಫಿ ಕಣದ ಮೂಲೆಯಲ್ಲೇ ಗೀರಿ ದಾರಿ ತೋರಿಸಿದರು. "ಬೆಳಗ್ಗೆ ಏಳೂವರೆ ಒಳಗೆ ಮೇಲಿನ ಬ್ಲಾಕ್ ಮುಗಿಸ್ಕೊಳ್ಳಿ ಸಾರ್. ಆಮೇಲೆ ಹಣ್ಣು ಕುಯ್ಯೋಕೆ ಹೆಂಗಸರು ಬರ್ತಾರೆ, ತಿರುವಿನಲ್ಲಿ ಕಾಣಲ್ಲ" ಅಂದರು. ಅವರು ಹೇಳಿದ್ದು ಎಷ್ಟು ಸರಿ ಅಂತ ಮರುದಿನ ಗೊತ್ತಾಯಿತು. ಇಳಿಜಾರಿನ ತಿರುವು ದಾಟಿದ ಕೂಡಲೇ ಚೀಲ ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ನಿಧಾನಕ್ಕೆ ಬಂದಿದ್ದಕ್ಕೆ ಬ್ರೇಕ್ ಹಿಡಿಯಿತು.

ಇನ್ನೊಂದು ಮಾತು. ಒಣಗಿದ ಸಿಲ್ವರ್ ಓಕ್ ಎಲೆ ದಪ್ಪಗೆ ಬಿದ್ದಿರುವ ಕಡೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ. ಎಲೆ ಜಾರುತ್ತದೆ. ಅದರಡಿ ಬೇರಿದೆಯೋ, ಕಲ್ಲಿದೆಯೋ, ನೀರು ಹರಿಯಲು ತೋಡಿದ ಅಡ್ಡ ಚರಂಡಿಯಿದೆಯೋ ಕಾಣುವುದಿಲ್ಲ. ನನ್ನ ತಮ್ಮ ಅಂಥ ಒಂದು ಚರಂಡಿಗೆ ಗಾಲಿ ಬಿಟ್ಟು ಮೊಣಕೈ ತರಚಿಕೊಂಡ. ಸೈಕಲ್ಲಿನ ಡಿರೇಲರ್ ಹ್ಯಾಂಗರ್ ಮುರಿಯಿತು. ಹಿಂದಿನ ಗೇರನ್ನು ಹಿಡಿದಿಡುವ ಬೆರಳುದ್ದದ ಅಲ್ಯೂಮಿನಿಯಂ ತುಂಡು ಅದು. ಒಂದು ಸೈಕಲ್ಲಿನದು ಇನ್ನೊಂದಕ್ಕೆ ಕೂರುವುದಿಲ್ಲ. ಸುತ್ತಮುತ್ತ ಎಲ್ಲೂ ಸಿಗಲಿಲ್ಲ. ಮುಂದಿನ ಎರಡು ದಿನ ಅವನ ಸೈಕಲ್ ಸುಮ್ನೆ ಕಾರಿನ ಮೇಲೇ ಕೂತಿತ್ತು. ಆವತ್ತಿನಿಂದ ಇಬ್ಬರ ಬ್ಯಾಗಿನಲ್ಲೂ ಒಂದೊಂದು ಹ್ಯಾಂಗರ್, ಎರಡೆರಡು ಟ್ಯೂಬ್ ಇರುತ್ತವೆ.

ಕುದುರೆಮುಖದ ಕಡೆ ಸೈಕಲ್ ಇಳಿಸಬೇಡಿ. ಅದು ರಾಷ್ಟ್ರೀಯ ಉದ್ಯಾನ. ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದು ಚೀಟಿ ಕೊಡುತ್ತಾರೆ, ಆ ಹೊತ್ತಿನೊಳಗೆ ಆಚೆ ಗೇಟು ದಾಟಬೇಕು. ಅಪ್ಪಣೆಯಿಲ್ಲದೆ ಕಾಡಿನೊಳಗೆ ಕಾಲಿಡುವ ಹಾಗಿಲ್ಲ. ಇದು ಸರಿ ಅಂತಲೇ ನನ್ನ ಅಭಿಪ್ರಾಯ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟಸಾಲು ಅದು. ಎಷ್ಟೋ ಜನ ಹೋರಾಡಿದ ಮೇಲೆ 2005ರ ಕೊನೆಗೆ ಅಲ್ಲಿ ಗಣಿ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಹುಲ್ಲುಗಾವಲಿನ ಮೇಲೆ ನಮ್ಮ ಟೈರಿನ ಗೆರೆ ಬೇಡ. ಕಳಸದಿಂದ ಎಸ್.ಕೆ. ಬಾರ್ಡರ್‌ವರೆಗೆ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಕಾರಿನಲ್ಲೇ ಹೋಗಿ ಬನ್ನಿ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ. ಸೈಕಲ್ಲಿಗೆ ಸಂಸೆ ಸುತ್ತಿನ ಹಳ್ಳಿ ರಸ್ತೆಗಳಿವೆ.

ಸೈಕಲ್ ಕಟ್ಟುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಮೊದಲ ಪ್ರಯಾಣದಲ್ಲಿ ಹಾಸನದ ಹತ್ತಿರ ಟೀಗೆ ನಿಲ್ಲಿಸಿದಾಗ ರಬ್ಬರ್ ಸುಟ್ಟ ವಾಸನೆ ಬಂತು. ಡಿಕ್ಕಿಯ ಮೇಲೆ ನೇತುಹಾಕಿದ್ದ ಸೈಕಲ್ಲಿನ ಮುಂದಿನ ಗಾಲಿ ನೇರವಾಗಿ ಸೈಲೆನ್ಸರ್ ಬಾಯಿಗೆ ಬಂದಿತ್ತು. ಟೈರಿನ ಒಂದು ಅಂಗೈಯಷ್ಟು ಜಾಗ ಬೆಂದು ಮೆತ್ತಗಾಗಿತ್ತು. ಅಂಗಡಿಯಲ್ಲಿ ಸೈಕಲ್ ನೇತುಹಾಕುವ ಸ್ಟ್ಯಾಂಡ್ ಮಾರಿದವರು ಈ ಮಾತು ಹೇಳಿರಲಿಲ್ಲ. ಕಟ್ಟಿದ ಮೇಲೆ ಒಮ್ಮೆ ಬಗ್ಗಿ ಸೈಲೆನ್ಸರ್ ಎಲ್ಲಿದೆ ನೋಡಿ. ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಹ್ಯಾಂಡಲ್ ಕಾರಿನ ಅಗಲಕ್ಕಿಂತ ಆಚೆ ಚಾಚಿದ್ದರೆ ತಿರುಗಿಸಿ ಕಟ್ಟಿ. ಎದುರಿಗೆ ಬಸ್ ಬಂದಾಗ ಆ ನಾಲ್ಕು ಇಂಚು ಜಾಸ್ತಿಯೇ ಆಗುತ್ತದೆ.

ಮಳೆಗಾಲದಲ್ಲಿ ಬೇಡ. ಕೆಂಪು ಮಣ್ಣು ಬೆಣ್ಣೆಯಂತಾಗುತ್ತದೆ, ಇಂಬಳ ಬೇರೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ನಾವು ಜನವರಿಯಲ್ಲಿ ಮತ್ತೆ ಹೊರಟಿದ್ದೇವೆ. ಆಫೀಸಿನ ಹುಡುಗರು ಜೋಗ ಬಿಟ್ಟಿದ್ದಾರೆ, ಆಗುಂಬೆ ಬಿಡಲು ಇನ್ನೂ ಮನಸ್ಸು ಮಾಡುತ್ತಿದ್ದಾರೆ. ಕಳಸ, ಬಾಳೆಹೊನ್ನೂರು ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ತೋಟದಲ್ಲಿ ಒಂದು ಬೆಳಗ್ಗೆ ನಾಲ್ಕು ಸೈಕಲ್ಲಿಗೆ ಜಾಗ ಇದ್ದರೆ, ದಯವಿಟ್ಟು ತಿಳಿಸಿ. ಹಿಂದಿನ ಸಂಜೆಯೇ ಬಂದು ರೈಟರನ್ನು ಕಾಣುತ್ತೇವೆ.