ಬಾಯಿಲ್ಲದ ನೆಂಟ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ಯಾರೇ ಮನೆಗೆ ಬರಲಿ, ಮೊದಲು ಬೆಲ್ಲ ನೀರು, ಆಮೇಲೆ ಮಾತು. 'ಆಸರಿಂಗೆ ಎಂತಾಯೆಕು?' (ಬಾಯಾರಿಕೆಗೆ ಏನು ಬೇಕು?) ಎಂದು ಕೇಳದಿದ್ದರೆ ಹಿರಿಯರಿಗೆ ಸಮಾಧಾನವಿಲ್ಲ. ಇಂಥ ಊರಿಗೆ ಮಳೆಗಾಲದ ರಾತ್ರಿ ಅಟ್ಲಾಸ್ ಪತಂಗ ಬರುತ್ತದೆ. ಜಗಲಿಯ ಟ್ಯೂಬ್‌ಲೈಟಿನ ಪಕ್ಕ ಗೋಡೆ ಹಿಡಿದು ಕೂರುತ್ತದೆ. ರೆಕ್ಕೆ ಬಿಚ್ಚಿದರೆ ಒಂದು ಗೇಣು ಅಗಲ. ಅದಕ್ಕೆ ಮಾತ್ರ ಯಾವ ಉಪಚಾರವೂ ನಡೆಯದು. ತಿನ್ನಲು ಕುಡಿಯಲು ಬಾಯೇ ಇಲ್ಲವಲ್ಲ!

ಅದರ ಊಟವೆಲ್ಲ ಹುಳುವಾಗಿದ್ದಾಗಲೇ ಮುಗಿದಿರುತ್ತದೆ. ದಾಲ್ಚಿನ್ನಿ, ಪೇರಳೆ, ನಿಂಬೆಜಾತಿಯ ಗಿಡ, ಸಿಕ್ಕಿದ ಎಲೆ ಮೇಯುತ್ತದೆ. ಮೈಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಮೇಣದ ಪುಡಿ. ಬೆಳೆದರೆ 10 ಸೆಂಟಿಮೀಟರ್ ದಾಟುತ್ತದೆ. ಆಮೇಲೆ ಎಲೆ ಮಡಚಿ ಒಳಗೆ ಗೂಡು ನೇಯುತ್ತದೆ. ಎಲೆ ಒಣಗಿ ಉದುರಿದರೆ ಗೂಡೂ ಬೀಳುತ್ತದಲ್ವಾ? ಅದಕ್ಕೆ ತೊಟ್ಟನ್ನು ಕೊಂಬೆಗೆ ರೇಷ್ಮೆಯಲ್ಲೇ ಬಿಗಿದು ಕಟ್ಟುತ್ತದೆ. ನಮ್ಮ ತೋಟದ ಪೈಪಿನ ಜಾಯಿಂಟ್ ಕಟ್ಟಿದವರಿಗೆ ಇಷ್ಟು ಮುಂದಾಲೋಚನೆ ಇರಲಿಲ್ಲ.

ಹೊರಗೆ ಬಂದ ಮೇಲೆ ಸಿಗುವುದು ಒಂದೆರಡು ವಾರ, ಅಷ್ಟೇ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಅದನ್ನು ಕಳೆಯಬೇಕು. ಹೆಣ್ಣು ಸುಮ್ನೆ ಅಲೆಯುವುದಿಲ್ಲ. ಗೂಡಿನ ಹತ್ತಿರವೇ ಕೂತು ರಾತ್ರಿ ವಾಸನೆ ಬಿಡುತ್ತದೆ. ಗಂಡು ತನ್ನ ಅಗಲವಾದ ಗರಿಮೀಸೆಯಲ್ಲಿ ಅದನ್ನು ಹಿಡಿದು ದೂರದಿಂದ ಹುಡುಕಿಕೊಂಡು ಬರುತ್ತದೆ. ಕೂಡಿ, ಮೊಟ್ಟೆಯಿಟ್ಟ ಮೇಲೆ ಎರಡಕ್ಕೂ ಬೇರೆ ಕೆಲಸವಿಲ್ಲ. ದಾರಿಯಲ್ಲಿ ಟ್ಯೂಬ್‌ಲೈಟಿಗೆ ಮರುಳಾಗಿ ಒಂದು ರಾತ್ರಿ ಕಳೆದರೆ ಆಯುಷ್ಯದಲ್ಲಿ ಅದು ಸಣ್ಣ ಪಾಲಲ್ಲ. ಹಾಗಾಗಿ ಕಂಡರೆ ನಾನು ಲೈಟು ಆರಿಸುತ್ತೇನೆ.

ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯ ಹಾಗೆಯೇ ಇದೆ, ಕಣ್ಣೂ ಉಂಟು. ಮಲಯಾಳದಲ್ಲಿ ಇದನ್ನು ನಾಗಶಲಭ ಎನ್ನುತ್ತಾರೆ. ಕೆಣಕಿದರೆ ನೆಲಕ್ಕೆ ಬಿದ್ದು ರೆಕ್ಕೆಯನ್ನು ಮೆಲ್ಲಗೆ ಹೊರಳಿಸುತ್ತದೆ. ಹಕ್ಕಿ ಇದಕ್ಕೆ ಹೆದರಿ ಓಡುವುದನ್ನು ನಾನು ನೋಡಿಲ್ಲ. ನಮ್ಮ ಅತ್ತೆ ಓಡಿದ್ದಾರೆ.

ಪಕ್ಕದ ಮನೆಯ ಭಾವನಿಗೆ ಕುತೂಹಲ ಬೇರೆ ತರದ್ದು. ವೆನಿಲ್ಲಾ ಬೆಳೆದು ಕೈಸುಟ್ಟುಕೊಂಡವರು ಅವರು. "ರೇಷ್ಮೆ ಅಲ್ವಾ? ಅಡಿಕೆ ತೋಟದ ಬದಿಯಲ್ಲಿ ಸಾಕಿದರೆ ಹೇಗೆ?" ಎಂದರು. ಇದರ ನೂಲು ಕಂದು ಬಣ್ಣದ್ದು, ತುಂಡುತುಂಡು, ಹಿಪ್ಪುನೇರಳೆ ಹುಳುವಿನದರಂತೆ ಒಂದೇ ಎಳೆಯಾಗಿ ಬಿಚ್ಚಲು ಬರುವುದಿಲ್ಲ ಎಂದೆ. ತೈವಾನಿನಲ್ಲಿ ಖಾಲಿ ಗೂಡನ್ನೇ ಚಿಲ್ಲರೆ ದುಡ್ಡಿನ ಚೀಲ ಮಾಡುತ್ತಾರೆ ಎಂದೂ ಹೇಳಿದೆ.

ಭಾವ ಸ್ವಲ್ಪ ಹೊತ್ತು ಯೋಚಿಸಿದರು. "ಚೀಲಕ್ಕೆ ಹಾಕಲು ಚಿಲ್ಲರೆ ಎಲ್ಲುಂಟು?"