ಮ್ಯಾಂಚೆಸ್ಟರಿನಿಂದ ಮ್ಯಾಂಚೆಸ್ಟರಿಗೆ

ದಾವಣಗೆರೆಯಲ್ಲಿ ಹುಟ್ಟಿದವರಿಗೆ ಮ್ಯಾಂಚೆಸ್ಟರ್ ಎಂಬುದು ಹೊಸ ಹೆಸರೇನಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರನ್ನೇ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಈಗ ಗಿರಣಿಗಳ ಕಾಲ ಮುಗಿದು ಬೆಣ್ಣೆದೋಸೆಯ ಕಾಲ ನಡೆದಿದೆ. ಅಂಥ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಅರ್ಧ ಕಿವಿಯನ್ನು ಮಗ್ಗಗಳಿಗೆ ಒಪ್ಪಿಸಿ ಬಂದಿರುವ ನಮ್ಮ ಅಪ್ಪನಿಗೆ, ಮಗ ಲಂಡನ್ನಿನಲ್ಲಿದ್ದಾನೆ ಎಂಬ ಹೆಮ್ಮೆಗಿಂತ ಅವನಿನ್ನೂ ಅಸಲಿ ಮ್ಯಾಂಚೆಸ್ಟರನ್ನು ನೋಡಿಲ್ಲ ಎಂಬ ಅವಮಾನವೇ ದೊಡ್ಡದಾಗಿತ್ತು. “ಅಲ್ಲಿ ಮಗ್ಗ ಓಡೋದನ್ನ ಫೋನಿನಾಗೆ ತೋರ್ಸು” ಎಂದು ವರ್ಷದಿಂದ ಬೆನ್ನು ಹತ್ತಿದ್ದರು.

ಕೊನೆಗೊಂದು ಶನಿವಾರ ನಾನೂ ಹೆಂಡತಿಯೂ ರೈಲು ಹತ್ತಿ, ಎರಡು ತಾಸಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಪಿಕಡಿಲಿ ನಿಲ್ದಾಣದಲ್ಲಿ ಇಳಿದೆವು. ಹೊರಗೆ ಜಿಟಿಜಿಟಿ ಮಳೆ. ಬಿಚ್ಚಿದ ಕೊಡೆ ಮೊದಲ ಗಾಳಿಗೇ ಬೋರಲಾಗಿ, ಮಳೆಯನ್ನು ತಡೆಯುವ ಬದಲು ತುಂಬಿಕೊಳ್ಳುವ ಬೋಗುಣಿಯಾಯಿತು. ಫೋನಿನಲ್ಲಿ ಸಂಕಟ ಹೇಳಿಕೊಂಡರೆ ಅಪ್ಪ ಹಿಗ್ಗಿದರು: “ಛಲೋ ಆತು ಬಿಡು, ಗಾಳ್ಯಾಗೆ ತೇವ ಇದ್ರೆ ನೂಲು ಕಡಿಯಲ್ಲ.” ಮ್ಯಾಂಚೆಸ್ಟರ್ ಸೇರಿದ್ದ ಲ್ಯಾಂಕಾಶೈರ್ ಸೀಮೆಯಲ್ಲಿ ಹತ್ತಿ ಗಿರಣಿಗಳು ಬೇರೂರಲು ಈ ತೇವದ ಹವೆಯೂ ಒಂದು ಕಾರಣವೆನ್ನುವುದು ನಿಜ. ಆದರೆ ನೆನೆಯುತ್ತಿದ್ದದ್ದು ನೂಲಲ್ಲ, ನಾನು.

ವಸ್ತುಸಂಗ್ರಹಾಲಯದಲ್ಲಿ ಹತ್ತಿಯ ಯಂತ್ರಗಳನ್ನು ನಿಗದಿತ ವೇಳೆಗೆ ಮಾತ್ರ ಓಡಿಸಿ ತೋರಿಸುತ್ತಾರೆ. ಅಂದಿನ ವೇಳೆ ಎರಡು ಗಂಟೆ. ಎಂದರೆ ದಾವಣಗೆರೆಯಲ್ಲಿ ಸಂಜೆ ಆರೂವರೆ. ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಪಕ್ಕದ ಮನೆಯವರನ್ನೂ ಕೂರಿಸಿಕೊಂಡು ಕಾಯುವವರಿದ್ದರು. ನಾನು ಆತುರದಲ್ಲಿ ಎದುರಿಗೆ ಬಂದ ಹಳದಿ ಟ್ರಾಮಿಗೆ ಹತ್ತಿಬಿಟ್ಟೆ. “ರೀ, ಬೋರ್ಡಿನಲ್ಲಿ ‘ಬರಿ’ ಅಂತಿದೆಯಲ್ಲ” ಎಂದಳು ಹೆಂಡತಿ. “ಬರೀ ಬೋರ್ಡು ನೋಡ್ತಾ ಕೂತರೆ ಆದೀತೇ?” ಎಂದು ನಾನು ನಕ್ಕೆ. ಬರಿ ಎಂಬುದು ನಗರದ ಉತ್ತರಕ್ಕಿರುವ ಊರೆಂದೂ, ಇಲ್ಲಿನವರು ಅದನ್ನು ‘ಬೆರಿ’ ಎನ್ನುತ್ತಾರೆಂದೂ ಎದುರು ಕುಳಿತಿದ್ದ ಅಜ್ಜಿ ವಿವರಿಸುವ ಹೊತ್ತಿಗೆ ನಾವು ಹೀಟನ್ ಪಾರ್ಕ್ ಮುಟ್ಟಿದ್ದೆವು. ಇಳಿದು, ಎದುರಿನ ಪ್ಲಾಟ್‌ಫಾರ್ಮಿಗೆ ದಾಟಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದೆವು. ಇಲ್ಲಿ ಸುಂಕವಿತ್ತು, ಕಾರ್ಡಿನಿಂದ ಕಡಿತವಾಯಿತು.

ಆ ಸಂಗ್ರಹಾಲಯ ಇರುವುದು ಲಿವರ್‌ಪೂಲ್ ರೋಡಿನ ಹಳೆಯ ರೈಲು ನಿಲ್ದಾಣದ ಆವರಣದಲ್ಲಿ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ಆರಂಭವಾದಾಗ, ಎಂಜಿನ್ನಿಗೆ ನೀರು ತುಂಬಿಸಲು ಗಾಡಿ ನಿಂತಲ್ಲಿ ಹಳಿಗಿಳಿದ ಸಂಸದ ವಿಲಿಯಂ ಹಸ್ಕಿಸನ್, ಪಕ್ಕದ ಹಳಿಯಲ್ಲಿ ಬಂದ ‘ರಾಕೆಟ್’ ಎಂಜಿನ್ನಿಗೆ ಸಿಕ್ಕಿ ಅಂದೇ ತೀರಿಕೊಂಡರು. ಇದನ್ನು ಕೇಳಿದ ಮೇಲೆ, ತಪ್ಪು ಟ್ರಾಮು ಹತ್ತಿದ್ದನ್ನು ಹೆಂಡತಿ ಮತ್ತೆ ಎತ್ತಲಿಲ್ಲ.

ಒದ್ದೆ ಬೂಟಿನಲ್ಲಿ ಪಚಪಚ ಸದ್ದು ಮಾಡುತ್ತ ಒಳಹೊಕ್ಕಾಗ ಮಗ್ಗ ಚಾಲೂ ಆಗುವುದರಲ್ಲಿತ್ತು. ಗಿರಣಿಯ ಗದ್ದಲದಲ್ಲಿ ಮಾತು ಕೇಳಿಸದ್ದರಿಂದ ಇಲ್ಲಿನ ಕಾರ್ಮಿಕರು ತುಟಿಗಳನ್ನು ಅಗಲಿಸಿ ಆಡುತ್ತ, ಒಬ್ಬರ ತುಟಿಯನ್ನೊಬ್ಬರು ಓದುತ್ತಿದ್ದರೆಂದೂ, ಅದಕ್ಕೆ ‘ಮೀ-ಮಾ’ ಎಂಬ ಹೆಸರಿತ್ತೆಂದೂ ಅಲ್ಲಿನವರು ಹೇಳುತ್ತಿದ್ದರು. ನಾನು ಫೋನಿನ ತರಾತುರಿಯಲ್ಲಿದ್ದೆ. ಅಪ್ಪನ ಮುಖ ಮೂಡಿತು. ಒದ್ದೆ ಬೆರಳಿನಿಂದ ಏನನ್ನೋ ಒತ್ತಿ, ಫೋನನ್ನು ಮಗ್ಗದತ್ತ ಎತ್ತಿ ಹಿಡಿದೆ. ಲಾಳಿ ಅತ್ತಿಂದಿತ್ತ ಚಿಮ್ಮತೊಡಗಿ, ನೆಲವೇ ಅದುರುವಂಥ ಸದ್ದೆದ್ದಿತು. ಆ ಸದ್ದಿನ ಮರೆಯಲ್ಲಿ ಧೈರ್ಯವಾಗಿ ಹೆಂಡತಿಗೆ ಕೂಗಿ ಹೇಳಿದೆ: “ಈ ಮುದುಕನ ಹಟಕ್ಕೆ ನನಗೆ ನ್ಯುಮೋನಿಯಾ ಗ್ಯಾರಂಟಿ!”

ಮಗ್ಗ ನಿಂತಿತು. ಫೋನಿನಿಂದ ದನಿ ಬಂತು.

“ಮಗ್ಗ ಎಲ್ಲೈತಲೇ? ಆಗ್ಲಿಂದ ನಿನ್ನ ಮುಸುಡೀನೇ ಕಾಣ್ತೈತೆ. ಮತ್ತೆ, ಮುದುಕ ಅಂದ್ಯಲ್ಲ, ಯಾರಿಗೆ?”

“ಇಲ್ಲಪ್ಪ, ಈ ಗದ್ದಲದಲ್ಲಿ ನಿಮಗೆ ಏನೋ ತಪ್ಪು ಕೇಳಿಸಿದೆ.”

“ಕೇಳಿಸ್ಲಿಲ್ಲಲೇ, ಕಾಣಿಸ್ತು.”